ಕೆನರಿ ಹಕ್ಕಿಯ ವಲಸೆ: ಬಣ್ಣ ಬಂದ ಬಗೆ, ಹಾಡು ಉಳಿದ ಬಗೆ



ಹಕ್ಕಿ ಸಾಕುವ ಹವ್ಯಾಸವು ಪಾಶ್ಚಾತ್ಯರಿಂದ ನಾವು ಕಲಿತ ಹೊಸ ಚಪಲವೆಂದು ಭಾವಿಸುವವರುಂಟು. ಅದು ಸರಿಯಲ್ಲ. ವಾತ್ಸ್ಯಾಯನನು ಕಾಮಸೂತ್ರದಲ್ಲಿ ಎಣಿಸಿರುವ 64 ಕಲೆಗಳಲ್ಲಿ ಗಿಳಿಗೂ ಗೊರವಂಕಕ್ಕೂ ಮಾತು ಕಲಿಸುವುದು ಒಂದು. ಬಾಣಭಟ್ಟನ ಕಾದಂಬರಿಯಲ್ಲಿ ಶೂದ್ರಕ ಮಹಾರಾಜನ ಮುಂದೆ ಕಥೆ ಹೇಳುವುದು ಪಂಜರದಲ್ಲಿ ಬಂದ ವೈಶಂಪಾಯನನೆಂಬ ಗಿಳಿ. ಆ ಗಿಳಿಯನ್ನು ಒಂದನೆಯ ನಾಗವರ್ಮನು ಚಂಪೂ ಕಾವ್ಯದ ಮೂಲಕ ಕನ್ನಡಕ್ಕೂ ಕರೆತಂದನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ವಿನೋದಗಳನ್ನು ವರ್ಣಿಸುವಾಗ ಕೋಳಿ, ಲಾವುಗೆ, ಪಾರಿವಾಳ, ಡೇಗೆಗಳಿಗೂ ಸ್ಥಾನ ದೊರೆತಿದೆ. ಹಕ್ಕಿಯನ್ನು ಹಿಡಿದು, ಸಾಕಿ, ಪಳಗಿಸಿ, ಕಲಿಸಿ ನಲಿಯುವುದು ನಮ್ಮವರಿಗೆ ತಿಳಿಯದ ವಿದ್ಯೆಯಲ್ಲ.

ಆದರೆ ಗಿಳಿಯನ್ನು ನಾವು ಸಾಕಿದೆವೇ ಹೊರತು ತಲೆಮಾರಿನಿಂದ ತಲೆಮಾರಿಗೆ ತಳಿಯೆಬ್ಬಿಸಿ ಅದರ ರೂಪವನ್ನು ಬದಲಿಸಲಿಲ್ಲ. ಆ ಕೆಲಸ ನಡೆದುದು ಯೂರೋಪಿನಲ್ಲಿ, ಕೆನರಿ ಎಂಬ ಪುಟ್ಟ ಹಕ್ಕಿಯ ಮೇಲೆ. ಸುಮಾರು ಐದು ಶತಮಾನಗಳ ಆ ಚರಿತ್ರೆಯನ್ನು ಇಂದು ತಮ್ಮ ಮುಂದಿಡಲು ನಾವು ಬಯಸಿದ್ದೇವೆ. ಅದು ಬರಿಯ ಹಕ್ಕಿಯ ಕಥೆಯಲ್ಲ. ಸಾಕಿದವರ ಕಥೆಯೂ ಹೌದು. ಸಾಕಿದವರಲ್ಲಿ ಅನೇಕರು ನಮ್ಮಂತೆಯೇ ಊರು ಬಿಟ್ಟು ಊರಿಗೆ ಬಂದವರು.

ಕೆನರಿ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಹಲವರಿಗೆ ಕೆನರಾ ಜಿಲ್ಲೆಯೋ ಕೆನರಾ ಬ್ಯಾಂಕೋ ನೆನಪಾಗುವುದು ಸಹಜ. ಆದರೆ ಇವೆರಡಕ್ಕೂ ನಂಟಿಲ್ಲ. ಕೆನರಾ ಎಂಬುದು ಪೋರ್ಚುಗೀಸರ ನಾಲಗೆಯಲ್ಲಿ ರೂಪ ಬದಲಿಸಿದ 'ಕನ್ನಡ'. ಕೆನರಿಯಾದರೋ ಆಫ್ರಿಕದ ವಾಯವ್ಯ ತೀರಕ್ಕೆ ಸಮೀಪವಾಗಿ ಅಟ್ಲಾಂಟಿಕ್ ಸಾಗರದಲ್ಲಿರುವ ದ್ವೀಪಗಳ ಹೆಸರು. ಅಲ್ಲಿ ದೊಡ್ಡ ನಾಯಿಗಳು ಹೇರಳವಾಗಿದ್ದುದರಿಂದ ಆ ಹೆಸರು ಬಂದಿತೆಂದು ರೋಮಿನ ಪ್ಲಿನಿ ಬರೆದಿದ್ದಾನೆ. ಲ್ಯಾಟಿನ್ ಭಾಷೆಯಲ್ಲಿ 'ಕಾನಿಸ್' ಎಂದರೆ ನಾಯಿ. ಹೀಗೆ ನಾಯಿಯಿಂದ ದ್ವೀಪಕ್ಕೂ ದ್ವೀಪದಿಂದ ಹಕ್ಕಿಗೂ ಹೆಸರು ಬಂದಿತು.

ಈ ದ್ವೀಪಗಳಲ್ಲಿಯೂ ಪಕ್ಕದ ಮದೀರಾ, ಅಜೋರ್ಸ್ ದ್ವೀಪಗಳಲ್ಲಿಯೂ ಇಂದಿಗೂ ಸ್ವತಂತ್ರವಾಗಿ ಬದುಕುತ್ತಿರುವ ಕಾಡು ಕೆನರಿಯನ್ನು ಕಂಡವರು ಅದನ್ನು ಕೆನರಿಯೆಂದು ಗುರುತಿಸುವುದೇ ಕಷ್ಟ. ಗುಬ್ಬಚ್ಚಿಗಿಂತ ತುಸು ಚಿಕ್ಕದು; ಹಸಿರು ಬೆರೆತ ಹಳದಿ ಮೈ, ಬೆನ್ನಿನ ಮೇಲೆ ಬೂದು ಮತ್ತು ಕಂದು ಗೀರುಗಳು. ನಾವು ಚಿತ್ರಗಳಲ್ಲಿ ಕಾಣುವ ನಿಂಬೆಹಣ್ಣಿನ ಬಣ್ಣ ಮನುಷ್ಯನು ಆರಿಸಿ ಆರಿಸಿ ಪಡೆದುದು. ಕಾಡು ಹಕ್ಕಿಯಲ್ಲಿ ಮನಸೆಳೆಯುವಂಥದು ಗಂಡಿನ ಹಾಡು ಮಾತ್ರ.

1402ರಲ್ಲಿ ಆರಂಭವಾದ ದ್ವೀಪಗಳ ಆಕ್ರಮಣವು 1496ರಲ್ಲಿ ಟೆನೆರಿಫ್ ದ್ವೀಪ ಸ್ಪೇನಿನ ವಶವಾಗುವುದರೊಂದಿಗೆ ಮುಗಿಯಿತು. ಸಕ್ಕರೆಯೂ ದ್ರಾಕ್ಷಾರಸವೂ ಹೊರಟ ಹಡಗುಗಳಲ್ಲಿಯೇ ಹಕ್ಕಿಯೂ ಯೂರೋಪಿಗೆ ಪ್ರಯಾಣ ಬೆಳೆಸಿತು. ಸ್ವಿಟ್ಜರ್ಲೆಂಡಿನ ವಿದ್ವಾಂಸ ಕೊನ್ರಾಡ್ ಗೆಸ್ನರ್ 1555ರಲ್ಲಿ ಪ್ರಕಟಿಸಿದ ಪಕ್ಷಿಗ್ರಂಥದಲ್ಲಿ ಇದರ ಉಲ್ಲೇಖವಿದೆ. 1622ರಲ್ಲಿ ರೋಮಿನಲ್ಲಿ ಹಕ್ಕಿ ಸಾಕಣೆಯ ಪುಸ್ತಕ ಬರೆದ ಒಲಿನಾ ಒಂದು ಸ್ವಾರಸ್ಯದ ಕಥೆ ಹೇಳುತ್ತಾನೆ: ಕೆನರಿಗಳನ್ನು ತುಂಬಿಕೊಂಡ ಹಡಗೊಂದು ಇಟಲಿಯ ಬಳಿ ಒಡೆಯಿತಂತೆ, ಬಿಡುಗಡೆಯಾದ ಹಕ್ಕಿಗಳು ಎಲ್ಬಾ ದ್ವೀಪವನ್ನು ಸೇರಿ ಅಲ್ಲಿ ಸಂತಾನ ಬೆಳೆಸಿದುವಂತೆ. ವ್ಯಾಪಾರಿಗಳು ಹಾಡುವ ಗಂಡುಗಳನ್ನು ಮಾತ್ರ ಮಾರಿ ಹೆಣ್ಣುಗಳನ್ನು ತಮ್ಮಲ್ಲಿಯೇ ಇಟ್ಟುಕೊಂಡು ಏಕಸ್ವಾಮ್ಯ ಕಾಪಾಡಿದರೆಂಬ ಮಾತೂ ಈ ಕಥೆಯೊಡನೆ ಬೆಳೆದು ಬಂದಿದೆ. ಕಥೆ ನಿಜವಿರಲಿ ಬಿಡಲಿ, ಹಾಡಿಗೆ ಅಂದು ಎಷ್ಟು ಬೆಲೆಯಿತ್ತೆಂಬುದು ಇದರಿಂದ ತಿಳಿಯುತ್ತದೆ.

ಮೊದಲಿಗೆ ಇದು ಅರಮನೆಯ ಹಕ್ಕಿ. ಆದರೆ ಪಂಜರದಲ್ಲಿ ಸುಲಭವಾಗಿ ಮೊಟ್ಟೆಯಿಡುವ ಗುಣದಿಂದಾಗಿ ಬಹುಬೇಗ ಶ್ರೀಮಂತರ ಕೈಮೀರಿ ಕುಶಲಕರ್ಮಿಗಳ ಮನೆ ಸೇರಿತು. ಹೆಣ್ಣು ಸಾಮಾನ್ಯವಾಗಿ ನಾಲ್ಕೈದು ಮೊಟ್ಟೆಗಳನ್ನು ದಿನಕ್ಕೊಂದರಂತೆ ಇಡುತ್ತದೆ. ಸಾಕುವವರು ಮೊದಲ ಮೂರನ್ನು ಎತ್ತಿಟ್ಟು ಅವುಗಳ ಬದಲು ಹುಸಿ ಮೊಟ್ಟೆಗಳನ್ನು ಇಡುತ್ತಾರೆ. ನಾಲ್ಕನೆಯದು ಬಂದ ಮೇಲೆ ಎಲ್ಲವನ್ನೂ ಒಟ್ಟಿಗೆ ಗೂಡಿಗೆ ಮರಳಿಸುತ್ತಾರೆ. ಹಾಗೆ ಮಾಡದಿದ್ದರೆ ಮೊದಲು ಒಡೆದು ಬಂದ ಮರಿ ಬಲಿಯುತ್ತದೆ, ಕೊನೆಯದು ತುತ್ತಿಲ್ಲದೆ ಸೊರಗುತ್ತದೆ. 13-14 ದಿನಗಳ ಕಾವು, ಮೂರು ವಾರಗಳ ಪೋಷಣೆ, ಬಳಿಕ ಮರಿ ಗೂಡು ಬಿಡುತ್ತದೆ. ವರ್ಷವೊಂದರಲ್ಲಿ ತಾಯಿ ಎರಡು ಮೂರು ಸಲ ಮರಿಮಾಡಬಲ್ಲದು. ಹೀಗೆ ಮನುಷ್ಯನ ಒಂದು ಜೀವಮಾನದಲ್ಲಿ ಹಕ್ಕಿಯ ಹತ್ತಾರು ತಲೆಮಾರುಗಳು ಕಣ್ಣ ಮುಂದೆಯೇ ಹಾದುಹೋಗುತ್ತವೆ. ತಳಿಗಾರಿಕೆಯ ವಿದ್ಯೆ ಹುಟ್ಟಿದುದು ಈ ಅನುಕೂಲದಿಂದಲೇ. 18ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಎರ್ವಿಯೂ ಎಂಬಾತನು ಕೆನರಿಯ ಬಗೆಗೇ ಪ್ರತ್ಯೇಕ ಗ್ರಂಥ ಬರೆದು ಎರಡು ಡಜನಿಗೂ ಮಿಗಿಲಾದ ಬಗೆಗಳನ್ನು ಪಟ್ಟಿಮಾಡುವ ವೇಳೆಗೆ ಹಳದಿ ಹಕ್ಕಿ ಸಾಮಾನ್ಯವಾಗಿತ್ತು.

ಇಲ್ಲಿಂದ ಮುಂದೆ ಕೆನರಿಯ ಚರಿತ್ರೆ ಎರಡು ಕವಲಾಗುತ್ತದೆ. ಒಂದು ಕಣ್ಣಿಗಾಗಿ, ಇನ್ನೊಂದು ಕಿವಿಗಾಗಿ.

ಕಣ್ಣಿನ ಕವಲು ಮುಖ್ಯವಾಗಿ ಇಂಗ್ಲೆಂಡಿನದು. 1565ರಲ್ಲಿ ನಾರ್ವಿಚ್ ನಗರದ ನೇಯ್ಗೆಯ ಉದ್ಯಮ ಸೊರಗಿದ್ದಾಗ, ಫ್ಲಾಂಡರ್ಸ್ ಪ್ರದೇಶದಿಂದ 30 ನೇಕಾರ ಕುಟುಂಬಗಳಿಗೆ ಅಲ್ಲಿ ನೆಲೆಸಲು ರಾಣಿ ಎಲಿಜಬೆತ್ ಅನುಮತಿಯಿತ್ತಳು. ಧಾರ್ಮಿಕ ಹಿಂಸೆಯಿಂದ ಪಾರಾಗಿ ಇನ್ನೂ ಸಾವಿರಾರು ಮಂದಿ ಬಂದರು. 1579ರ ವೇಳೆಗೆ ಊರಿನ ಜನರಲ್ಲಿ ಮೂರರಲ್ಲೊಂದು ಪಾಲು ಇವರೇ. ಊರವರು ಇವರನ್ನು ಕರೆದುದು 'ಪರಕೀಯರು' ಎಂಬ ಅರ್ಥದ ಹೆಸರಿನಿಂದ. ಕೆನರಿಯನ್ನು ನಾರ್ವಿಚ್ಚಿಗೆ ತಂದವರು ಈ ಪರಕೀಯರೇ ಎಂಬುದು ಆ ನಗರದ ಪರಂಪರಾಗತ ನಂಬಿಕೆ. ಮಗ್ಗದ ಪಕ್ಕದಲ್ಲಿ ಪಂಜರ ತೂಗುಹಾಕಿ, ಕೈ ಕೆಲಸದಲ್ಲಿದ್ದರೂ ಕಿವಿ ಹಾಡಿನಲ್ಲಿರುವಂತೆ ಬಾಳಿದ ನೇಕಾರರ ಚಿತ್ರ ಅಲ್ಲಿಯ ಜನಮನದಲ್ಲಿ ಉಳಿದಿದೆ. ನಾರ್ವಿಚ್ ಎಂಬ ಹೆಸರಿನದೇ ಒಂದು ತಳಿ ಪ್ರಸಿದ್ಧವಾಯಿತು. 1902ರಲ್ಲಿ ಹುಟ್ಟಿದ ಆ ನಗರದ ಫುಟ್‌ಬಾಲ್ ಕ್ಲಬ್ಬನ್ನು ಜನ ಇಂದಿಗೂ 'ಕೆನರಿಗಳು' ಎಂದೇ ಕರೆಯುತ್ತಾರೆ. ಆಟಗಾರರ ಅಂಗಿ ಹಳದಿ ಮತ್ತು ಹಸಿರು. ಒಂದು ಕಾಲದ ಪರಕೀಯರ ಹಕ್ಕಿ ಊರಿನ ಲಾಂಛನವಾದುದು ಗಮನಾರ್ಹ.

19ನೆಯ ಶತಮಾನದಲ್ಲಿ ಹಕ್ಕಿಗಳ ಪ್ರದರ್ಶನ ಇಂಗ್ಲೆಂಡಿನ ದುಡಿಯುವ ವರ್ಗದ ದೊಡ್ಡ ಹವ್ಯಾಸವಾಯಿತು. ನೇಕಾರರು, ಚಮ್ಮಾರರು, ಗಣಿಕಾರ್ಮಿಕರು ವರ್ಷವಿಡೀ ಸಾಕಿದ ಹಕ್ಕಿಯನ್ನು ಊರಿನ ಸ್ಪರ್ಧೆಗೂ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ದೊಡ್ಡ ಪ್ರದರ್ಶನಕ್ಕೂ ಒಯ್ಯುತ್ತಿದ್ದರು. ಪ್ರತಿಯೊಂದು ತಳಿಗೂ ಬರೆದಿಟ್ಟ ಲಕ್ಷಣ, ಲಕ್ಷಣಕ್ಕೆ ತಕ್ಕ ಅಂಕ. ನಾರ್ವಿಚ್ ಗುಂಡಗಿರಬೇಕು, ಯಾರ್ಕ್‌ಷೈರ್ ನೀಳವಾಗಿ ನೆಟ್ಟಗೆ ನಿಲ್ಲಬೇಕು, ಲಿಜ಼ರ್ಡ್ ತಳಿಯ ಬೆನ್ನಿನ ಮೇಲೆ ಹಲ್ಲಿಯ ಹುರುಪೆಯಂತೆ ಚುಕ್ಕೆಗಳ ಸಾಲಿರಬೇಕು.

ಇದರಲ್ಲಿ ಸ್ಪರ್ಧೆಯ ಛಲವೂ ಇತ್ತು. 1870ರ ದಶಕದಲ್ಲಿ ಹಿಂದೆಂದೂ ಕಾಣದ ಕಿತ್ತಳೆ ಬಣ್ಣದ ನಾರ್ವಿಚ್ ಹಕ್ಕಿಗಳು ಪ್ರದರ್ಶನಕ್ಕೆ ಬಂದಾಗ ಬಣ್ಣ ಹಚ್ಚಿ ಮೋಸ ಮಾಡಿದ್ದಾರೆಂಬ ಗುಲ್ಲೆದ್ದಿತು. ಪರೀಕ್ಷಿಸಿದರೆ ಗರಿಯಿಂದ ಬಣ್ಣ ಬಿಡಲಿಲ್ಲ. ಕೊನೆಗೆ ಹೊರಬಿದ್ದ ಗುಟ್ಟೆಂದರೆ, ಹಕ್ಕಿ ಹಳೆಯ ಗರಿ ಉದುರಿಸಿ ಹೊಸ ಗರಿ ತಳೆಯುವ ಕಾಲದಲ್ಲಿ ಅದಕ್ಕೆ ಕೆಂಪು ಮೆಣಸಿನಕಾಯಿಯ ಪುಡಿಯನ್ನು ತಿನ್ನಿಸಿದ್ದರು! ಆಹಾರದ ವರ್ಣದ್ರವ್ಯ ರಕ್ತದ ಮೂಲಕ ಗರಿಗೆ ಸೇರಿತ್ತು.

ಈ ಕವಲಿನಲ್ಲಿ ಕೇಡೂ ಇಲ್ಲದಿಲ್ಲ. ಜುಟ್ಟಿರುವ ಕೆನರಿಗಳ ಜುಟ್ಟಿನ ವಂಶವಾಹಿಯನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದ ಮರಿ ಬದುಕುವುದಿಲ್ಲ. ಆದುದರಿಂದ ಜುಟ್ಟಿನ ಹಕ್ಕಿಯನ್ನು ಬೋಳುತಲೆಯ ಹಕ್ಕಿಯೊಡನೆಯೇ ಕೂಡಿಸಬೇಕು. ಮೈ ದಪ್ಪವಾಗಿ ಕಾಣಲೆಂದು ದಟ್ಟ ಗರಿಯ ಹಕ್ಕಿಗಳನ್ನೇ ಮತ್ತೆ ಮತ್ತೆ ಕೂಡಿಸಿದಾಗ ಗರಿ ಚರ್ಮದೊಳಗೇ ಸುರುಳಿಗಟ್ಟಿ ಗಂಟಾಗುವ ರೋಗ ನಾರ್ವಿಚ್ ತಳಿಯನ್ನು ಕಾಡಿತು. 'ಲಂಡನ್ ಫ್ಯಾನ್ಸಿ' ಎಂಬ ಸುಂದರ ತಳಿಯಂತೂ 20ನೆಯ ಶತಮಾನದಲ್ಲಿ ಅಳಿದೇ ಹೋಯಿತು.

ಇನ್ನು ಕಿವಿಯ ಕವಲು. ಇದರ ತವರು ಆಲ್ಪ್ಸ್ ಪರ್ವತದ ಟಿರೋಲ್ ಪ್ರಾಂತ, ಬಳಿಕ ಜರ್ಮನಿಯ ಹಾರ್ಜ಼್ ಬೆಟ್ಟಗಳು. ಟಿರೋಲಿನ ಇಮ್ಸ್ಟ್ ಎಂಬ ಊರಿನವರು ಕೆನರಿಗಳನ್ನು ಬೆಳೆಸಿ, ಪಂಜರಗಳನ್ನು ಬೆನ್ನ ಮೇಲೆ ಹೊತ್ತು ಯೂರೋಪಿನ ಉದ್ದಗಲಕ್ಕೂ ಮಾರುತ್ತ ಹೋಗುತ್ತಿದ್ದರು. ಅಲ್ಲಿಂದ ಹಾರ್ಜ಼್ ಬೆಟ್ಟದ ಸಾಂಕ್ಟ್ ಆಂಡ್ರಿಯಾಸ್‌ಬರ್ಗಿನ ಬೆಳ್ಳಿಯ ಗಣಿಗೆ ಕೆಲಸ ಹುಡುಕಿಕೊಂಡು ಬಂದ ಗಣಿಕಾರ್ಮಿಕರು ತಮ್ಮೊಡನೆ ಹಕ್ಕಿಯನ್ನೂ ತಂದರೆಂಬುದು ಆ ಊರಿನ ನಂಬಿಕೆ. ಗಣಿಯ ಕೂಲಿ ಸಾಲದ ಮನೆಗಳಲ್ಲಿ ಹೆಂಗಸರು ಮಕ್ಕಳು ಹಕ್ಕಿ ನೋಡಿಕೊಂಡರು, ಮರದ ಪುಟ್ಟ ಪಂಜರಗಳನ್ನು ಮಾಡಿದರು. 19ನೆಯ ಶತಮಾನದಲ್ಲಿ ಆಲ್‌ಫೆಲ್ಡ್ ಪಟ್ಟಣದ ವ್ಯಾಪಾರಿಗಳು ಈ ಹಕ್ಕಿಗಳನ್ನು ಹಡಗಿನಲ್ಲಿ ನ್ಯೂಯಾರ್ಕಿಗೂ ಸಾಗಿಸಿದರು. 1521ರಲ್ಲಿ ತೆರೆದ ಸಾಮ್ಸನ್ ಗಣಿ 1910ರಲ್ಲಿ ಮುಚ್ಚಿತು. ಈಗ ಅಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಕೆನರಿಗೂ ಒಂದು ವಿಭಾಗವಿದೆ.

ಹಾರ್ಜ಼್ ಹಕ್ಕಿಯ ವೈಶಿಷ್ಟ್ಯವೆಂದರೆ ಕೊಕ್ಕನ್ನು ಹೆಚ್ಚುಕಡಿಮೆ ಮುಚ್ಚಿಕೊಂಡೇ ಮಂದ್ರವಾಗಿ, ಉರುಳಿದಂತೆ ಹಾಡುವುದು. ಆ ಹಾಡಿನ ಒಂದೊಂದು ಭಾಗಕ್ಕೂ ಜರ್ಮನ್ ಭಾಷೆಯಲ್ಲಿ ಹೆಸರುಂಟು: ಟೊಳ್ಳು ಉರುಳು, ನೀರಿನ ಉರುಳು, ಗಂಟೆಯ ನಾದ, ಕೊಳಲು ಎಂದು ಅವುಗಳನ್ನು ಕನ್ನಡಿಸಬಹುದು. ನಮ್ಮ ಸಂಗೀತದಲ್ಲಿ ಗಮಕಗಳನ್ನು ಹೆಸರಿಸಿದಂತೆಯೇ ಇದು. ಸ್ಪರ್ಧೆಯಲ್ಲಿ ನಾಲ್ಕು ಹಕ್ಕಿಗಳ ತಂಡವನ್ನು ತೀರ್ಪುಗಾರರ ಮುಂದಿಡುತ್ತಾರೆ. ಅವು ಹಾಡಿದ ಒಂದೊಂದು ಭಾಗಕ್ಕೂ ಅಂಕವುಂಟು, ದೋಷಕ್ಕೆ ಕಡಿತವೂ ಉಂಟು. ಹಕ್ಕಿಯ ಬಣ್ಣ ಹೇಗಿದೆಯೆಂದು ಕೇಳುವವರಿಲ್ಲ. ಬೆಲ್ಜಿಯಮ್ಮಿನ ಮೆಖೆಲೆನ್ ಕಡೆಯ ತಳಿ ನೀರು ಗುಳುಗುಳಿಸಿದಂತೆ ಹಾಡುತ್ತದೆ; ಸ್ಪೇನಿನ ತಿಂಬ್ರಾದೊ ತಳಿಯ ಹಾಡು ಲೋಹದ ನಾದದಂತೆ ಹರಿತ. ಒಂದೇ ಜಾತಿ, ನಾಡಿಗೊಂದು ನುಡಿ.

ಇಷ್ಟು ವ್ಯತ್ಯಾಸ ಬಂದುದು ಹೇಗೆ? ತಳಿಯ ಪಾತ್ರ ಇದ್ದೇ ಇದೆ. ಆದರೆ ತಳಿಯೊಂದೇ ಸಾಲದು. ಹಾರ್ಜ಼್ ತಳಿಗಾರನು ಶರತ್ಕಾಲದಲ್ಲಿ ಎಳೆಯ ಗಂಡುಗಳನ್ನು ಬೇರ್ಪಡಿಸಿ, ಸಣ್ಣ ಪಂಜರಗಳಲ್ಲಿಟ್ಟು, ಮಬ್ಬು ಬೆಳಕಿನಲ್ಲಿ ಹಿರಿಯ ಗಾಯಕನ ಹಾಡನ್ನು ಕೇಳಿಸುತ್ತಾನೆ. ಆ ಹಿರಿಯ ಹಕ್ಕಿಗೆ ಜರ್ಮನ್ನಿನಲ್ಲಿ 'ಫೋರ್‌ಜ಼ೆಂಗರ್' ಎಂದು ಹೆಸರು. ಮುಂದೆ ನಿಂತು ಹಾಡುವವನು ಎಂದರ್ಥ. ಮರಿಗಳು ಮೊದಲು ತೊದಲುತ್ತವೆ, ಚೂರುಪಾರು ಹಿಡಿಯುತ್ತವೆ, ತಿಂಗಳುಗಳ ಬಳಿಕ ಪೂರ್ಣವಾಗಿ ಹಾಡುತ್ತವೆ. ಅವುಗಳಲ್ಲೊಂದು ಕರ್ಕಶ ಸ್ವರ ಕಲಿತರೆ ಉಳಿದವೂ ಅದನ್ನು ಹಿಡಿಯುತ್ತವೆಂದು ಅದನ್ನು ಕೂಡಲೇ ದೂರ ಮಾಡುತ್ತಾರೆ. ಗಾಯಕನೇ ಇಲ್ಲದೆ ಒಂಟಿಯಾಗಿ ಬೆಳೆದ ಮರಿ, ಅತ್ಯುತ್ತಮ ವಂಶದ್ದಾದರೂ, ಆ ವಂಶದ ಹಾಡನ್ನು ಪೂರ್ಣವಾಗಿ ಹಾಡಲಾರದು.

ಈ ಸತ್ಯವನ್ನು ವಿಜ್ಞಾನದ ಕ್ರಮದಲ್ಲಿ ಮೊದಲು ಪರೀಕ್ಷಿಸಿದವರಲ್ಲಿ ಇಂಗ್ಲೆಂಡಿನ ಡೇನ್ಸ್ ಬ್ಯಾರಿಂಗ್ಟನ್ ಪ್ರಮುಖನು. ವೃತ್ತಿಯಿಂದ ಆತ ನ್ಯಾಯಾಧೀಶ. ಲಿನೆಟ್ ಎಂಬ ಹಕ್ಕಿಯ ಮರಿಗಳನ್ನು ಎಳವೆಯಲ್ಲಿಯೇ ಬೇರೆ ಜಾತಿಯ ಹಕ್ಕಿಗಳ ಬಳಿ ಬೆಳೆಸಿ, ಅವು ಸಾಕಿದವರ ಹಾಡನ್ನೇ ಹಾಡುವುದನ್ನು ಕಂಡು 1773ರಲ್ಲಿ ರಾಯಲ್ ಸೊಸೈಟಿಗೆ ವರದಿ ಮಾಡಿದನು. ಲಂಡನ್ನಿಗೆ ಟಿರೋಲಿನಿಂದ ಬರುತ್ತಿದ್ದ ಕೆನರಿಗಳ ಹಾಡಿನಲ್ಲಿ ನೈಟಿಂಗೇಲಿನ ಸ್ವರಗಳಿರುವುದನ್ನೂ ಆತ ಗುರುತಿಸಿದನು: ಎಂದೋ ಒಂದು ಪೂರ್ವಿಕ ಕೆನರಿ ನೈಟಿಂಗೇಲಿನಿಂದ ಕಲಿತುದನ್ನು ಮಕ್ಕಳು ಮೊಮ್ಮಕ್ಕಳು ಉಳಿಸಿಕೊಂಡು ಬಂದಿದ್ದುವು. ಮನುಷ್ಯನಿಗೆ ಭಾಷೆ ಹೇಗೆ ಹುಟ್ಟಿನಿಂದ ಬಂದುದಲ್ಲವೋ ಹಾಗೆಯೇ ಹಕ್ಕಿಗೆ ಹಾಡೂ ಅಲ್ಲ ಎಂಬುದು ಆತನ ನಿರ್ಣಯದ ಸಾರ. ಎಲ್ಲ ಹಕ್ಕಿಗಳಿಗೂ ಈ ಮಾತು ಸಲ್ಲದೆಂದು ಈಗ ನಮಗೆ ಗೊತ್ತು. ಕೋಳಿಗೆ ಕೂಗುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಕೆನರಿಯ ಮಟ್ಟಿಗೆ ಅದು ಸತ್ಯ. ಫ್ರಾನ್ಸಿನವರು ಇದನ್ನರಿತೇ ಕೆನರಿಗೆ ರಾಗ ಕಲಿಸಲು 'ಸೆರಿನೆಟ್' ಎಂಬ ಪುಟ್ಟ ವಾದ್ಯವನ್ನು ರಚಿಸಿದ್ದರು. ಹಿಡಿ ತಿರುಗಿಸಿದರೆ ಅದೇ ರಾಗ ಮತ್ತೆ ಮತ್ತೆ ನುಡಿಯುತ್ತಿತ್ತು. ಚಿತ್ರಕಾರ ಶಾರ್ಡಾನನು 18ನೆಯ ಶತಮಾನದ ಮಧ್ಯದಲ್ಲಿ ಅದನ್ನು ನುಡಿಸುತ್ತಿರುವ ಗೃಹಿಣಿಯನ್ನು ಚಿತ್ರಿಸಿದ್ದಾನೆ.

ಬಣ್ಣ ಮತ್ತು ಹಾಡು ಎಂಬ ಎರಡು ಕವಲುಗಳು 1920ರ ದಶಕದಲ್ಲಿ ಜರ್ಮನಿಯ ಬ್ರೆಮೆನ್ ನಗರದಲ್ಲಿ ಸಂಧಿಸಿದುವು. ಅಲ್ಲಿಯ ಕಾರ್ಲ್ ರೈಖ್ ತನ್ನ ಕೆನರಿಗಳಿಗೆ ನೈಟಿಂಗೇಲಿನ ಹಾಡು ಕಲಿಸಿ ಖ್ಯಾತನಾಗಿದ್ದನು. ಸೆರೆಯ ನೈಟಿಂಗೇಲಿನ ಹಾಡನ್ನು 1910ರಲ್ಲಿಯೇ ಗ್ರಾಮಫೋನ್ ತಟ್ಟೆಗೆ ಒದಗಿಸಿದವನೂ ಅವನೇ. ಅವನೊಡನೆ ಸೇರಿದ ಶಾಲಾ ಅಧ್ಯಾಪಕ ಹಾನ್ಸ್ ಡುಂಕರ್ ಕೆಂಪು ಕೆನರಿಯನ್ನು ಸೃಷ್ಟಿಸಲು ಹೊರಟನು. ವೆನೆಜ಼ುವೆಲಾ ಕಡೆಯ ಕೆಂಪು ಸಿಸ್ಕಿನ್ ಹಕ್ಕಿಯನ್ನು ಕೆನರಿಯೊಡನೆ ಕೂಡಿಸಿ ಪಡೆದ ಸಂತತಿಯಲ್ಲಿ ಕೆಂಪಿನ ವಂಶವಾಹಿ ಸೇರಿತು. ಆದರೂ ಹಕ್ಕಿಗಳು ತಾಮ್ರದ ಬಣ್ಣದಲ್ಲಿಯೇ ನಿಂತುವು. ವಂಶಗುಣದ ಜೊತೆಗೆ ತಕ್ಕ ಆಹಾರವೂ ಬೇಕೆಂಬುದು ಬೇರೆಯವರಿಗೆ ಹೊಳೆದ ಮೇಲೆಯೇ ನಿಜವಾದ ಕೆಂಪು ಕೆನರಿ ಬಂದಿತು. ರಕ್ತವೇ ಸರ್ವಸ್ವವೆಂದು ನಂಬಿದ್ದ ಡುಂಕರ್ ಮನುಷ್ಯರ ವಿಷಯದಲ್ಲಿಯೂ ಜನಾಂಗಶುದ್ಧಿಯ ವಾದವನ್ನು ಪ್ರಚಾರ ಮಾಡಿದವನೆಂಬುದನ್ನು ಮರೆಯುವಂತಿಲ್ಲ. ಅವನ ಹಕ್ಕಿಯೇ ಅವನ ಸಿದ್ಧಾಂತವನ್ನು ಸುಳ್ಳು ಮಾಡಿತು. ಇತ್ತ ಕೆಂಪಿನ ಆಸೆಗೆ ಬಲಿಯಾಗಿ ಬಲೆಗೆ ಬಿದ್ದ ಸಿಸ್ಕಿನ್ ಇಂದು ತನ್ನ ನಾಡಿನಲ್ಲಿ ಅಳಿವಿನ ಅಂಚಿನಲ್ಲಿದೆ.

ಕೆನರಿ ಮನುಷ್ಯನಿಗೆ ಸಲ್ಲಿಸಿದ ಇನ್ನೊಂದು ಸೇವೆಯನ್ನೂ ಇಲ್ಲಿ ನೆನೆಯಬೇಕು. 1896ರಲ್ಲಿ ವೇಲ್ಸ್ ಪ್ರಾಂತದ ಟೈಲರ್ಸ್‌ಟೌನ್ ಗಣಿಯಲ್ಲಿ ಸ್ಫೋಟವಾದಾಗ ಶರೀರಶಾಸ್ತ್ರಜ್ಞ ಜಾನ್ ಸ್ಕಾಟ್ ಹಾಲ್ಡೇನ್ ಮೃತರನ್ನು ಪರೀಕ್ಷಿಸಿ, ಬಹುಮಂದಿ ಸತ್ತುದು ಬೆಂಕಿಯಿಂದಲ್ಲ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲದಿಂದ ಎಂದು ತೋರಿಸಿದರು. ಮನುಷ್ಯನಿಗಿಂತ ಬೇಗ ವಿಷವೇರುವ ಸಣ್ಣ ಪ್ರಾಣಿಗಳನ್ನು ಗಣಿಗೆ ಒಯ್ಯಬೇಕೆಂಬುದು ಅವರ ಸಲಹೆ. ಪಂಜರದ ಹಕ್ಕಿ ಕೋಲಿನಿಂದ ಕೆಳಕ್ಕೆ ಬಿದ್ದರೆ ಕಾರ್ಮಿಕರು ಹೊರಕ್ಕೆ ಧಾವಿಸುತ್ತಿದ್ದರು. ಹಕ್ಕಿಯನ್ನು ಬದುಕಿಸಲು ಪಂಜರಕ್ಕೇ ಆಮ್ಲಜನಕದ ಪುಟ್ಟ ಸಿಲಿಂಡರ್ ಅಳವಡಿಸಿದ್ದೂ ಉಂಟು. ಬ್ರಿಟನ್ನಿನ ಗಣಿಗಳಲ್ಲಿ ಉಳಿದಿದ್ದ ಸುಮಾರು 200 ಕೆನರಿಗಳಿಗೆ ಬದಲಾಗಿ ಎಲೆಕ್ಟ್ರಾನಿಕ್ ಉಪಕರಣಗಳನ್ನು ತರುವ ನಿರ್ಧಾರವಾದುದು 1986ರಲ್ಲಿ. ಈ ಹಾಲ್ಡೇನರ ಮಗ ಜೆ. ಬಿ. ಎಸ್. ಹಾಲ್ಡೇನರೇ 1957ರಲ್ಲಿ ಭಾರತಕ್ಕೆ ಬಂದು, ಭಾರತದ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ತಳಿವಿಜ್ಞಾನಿ.

ಹಾಡಿನ ರಹಸ್ಯಕ್ಕೆ ಮರಳೋಣ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಫರ್ನಾಂಡೋ ನಾಟೆಬೋಮ್ ಮತ್ತು ಸಹೋದ್ಯೋಗಿಗಳು 1976ರಲ್ಲಿ ಕೆನರಿಯ ಮಿದುಳಿನಲ್ಲಿ ಹಾಡನ್ನು ನಿಯಂತ್ರಿಸುವ ಕೇಂದ್ರಗಳನ್ನು ಗುರುತಿಸಿದರು. ಗಂಡು ಹಕ್ಕಿಯಲ್ಲಿ ಆ ಕೇಂದ್ರಗಳು ವಸಂತದಲ್ಲಿ ಹಿಗ್ಗಿ, ಹಾಡು ನಿಲ್ಲುವ ಕಾಲಕ್ಕೆ ಕುಗ್ಗುವುದು 1981ರಲ್ಲಿ ತಿಳಿಯಿತು. 1983ರಲ್ಲಿ ನಾಟೆಬೋಮ್ ಮತ್ತು ಗೋಲ್ಡ್‌ಮನ್ ಪ್ರಾಯಕ್ಕೆ ಬಂದ ಕೆನರಿಯ ಮಿದುಳಿನಲ್ಲಿಯೂ ಹೊಸ ನರಕೋಶಗಳು ಹುಟ್ಟುತ್ತವೆಂದು ತೋರಿಸಿದರು. ಬೆಳೆದ ಮಿದುಳಿನಲ್ಲಿ ಹೊಸ ಕೋಶ ಹುಟ್ಟದೆಂಬ ಅಂದಿನ ನಂಬಿಕೆಯನ್ನು ಅಲುಗಿಸಿದ ಶೋಧವಿದು. ಕೆನರಿ ವರ್ಷವರ್ಷವೂ ಕೆಲವು ಸ್ವರಗಳನ್ನು ಬಿಟ್ಟು ಹೊಸವನ್ನು ಸೇರಿಸಿಕೊಳ್ಳುತ್ತದೆ.

ಪಂಜರದ ಪ್ರಶ್ನೆಯನ್ನೂ ನಾವು ಮರೆಮಾಚುವಂತಿಲ್ಲ. ಐದುನೂರು ವರ್ಷ ಮನುಷ್ಯನ ಕೈತುತ್ತು ತಿಂದ ಹಳದಿ ಕೆನರಿಯನ್ನು ಬಯಲಿಗೆ ಬಿಟ್ಟರೆ ಅದು ಬಾಳಲಾರದು. ಅದನ್ನು ಚೆನ್ನಾಗಿ ಸಾಕುವುದೇ ಧರ್ಮ. ಕಾಡಿನಲ್ಲಿ ಹುಟ್ಟಿದ ಗಿಳಿಯ ಮಾತು ಬೇರೆ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ನಮ್ಮ ಕಾಡುಹಕ್ಕಿಗಳಿಗೆ ರಕ್ಷಣೆಯಿದೆ. 1990-91ರಿಂದ ದೇಶೀಯ ಕಾಡುಹಕ್ಕಿಗಳ ವ್ಯಾಪಾರವೇ ನಿಷಿದ್ಧ. ಊರಿನ ಅಜ್ಜನ ಮನೆಯಲ್ಲಿ ಗಿಳಿಯ ಪಂಜರವಿತ್ತೆಂಬ ನೆನಪು ಎಷ್ಟು ಸವಿಯಾದರೂ ಅದನ್ನು ಮರಳಿ ತೂಗುಹಾಕುವುದು ಸಲ್ಲದು.

ಈ ಚರಿತ್ರೆಯಿಂದ ನಮಗೆ ತಿಳಿಯುವುದಿಷ್ಟು. ತಳಿಗಾರನು ಬಣ್ಣವನ್ನೂ ಆಕಾರವನ್ನೂ ಜೋಡಿ ಕೂಡಿಸಿ ಪಡೆಯಬಲ್ಲ. ಅವು ಮೊಟ್ಟೆಯೊಳಗೇ ಬರುತ್ತವೆ. ಹಾಡು ಮಾತ್ರ ಹಾಗೆ ಬರದು. ಒಂದು ತಲೆಮಾರಿಗೆ ಹಾಡಿ ತೋರಿಸುವವರಿಲ್ಲದಿದ್ದರೆ ನೂರು ವರ್ಷ ಕಾಪಾಡಿದ ಹಾಡು ನಿಂತುಹೋಗುತ್ತದೆ, ಹಕ್ಕಿಯ ಮೈಬಣ್ಣ ಮೊದಲಿನಂತೆಯೇ ಇದ್ದರೂ! ಹೊರನಾಡಿನಲ್ಲಿ ಹುಟ್ಟಿದ ನಮ್ಮ ಮಕ್ಕಳ ಮುಖದಲ್ಲಿ ಅಜ್ಜಿಯ ಕಣ್ಣು, ಅಜ್ಜನ ಮೂಗು ತಾವಾಗಿಯೇ ಬಂದಿವೆ. ಕನ್ನಡ ತಾನಾಗಿ ಬರಲಾರದು. ಅದಕ್ಕೆ ಮನೆಯಲ್ಲಿ ದಿನವೂ ಕನ್ನಡವನ್ನಾಡುವ ಹಿರಿಯರು ಬೇಕು. ಹಾರ್ಜ಼್ ತಳಿಗಾರನಂತೆ ಮಕ್ಕಳನ್ನು ಕತ್ತಲೆಯಲ್ಲಿಟ್ಟು ಬೇರೆ ದನಿ ಕೇಳದಂತೆ ಮಾಡಬೇಕಾಗಿಲ್ಲ, ಮಾಡಲೂ ಬಾರದು. ಟಿರೋಲಿನ ಕೆನರಿ ನೈಟಿಂಗೇಲಿನಿಂದ ಕಲಿತು ತನ್ನ ಹಾಡನ್ನು ಹೆಚ್ಚಿಸಿಕೊಂಡಿತೇ ಹೊರತು ಕಳೆದುಕೊಳ್ಳಲಿಲ್ಲ. ಮಕ್ಕಳು ಸುತ್ತಲಿನ ಭಾಷೆಯನ್ನು ಚೆನ್ನಾಗಿ ಕಲಿಯಲಿ. ಜೊತೆಗೆ ನಮ್ಮ ದನಿಯೂ ಅವರ ಕಿವಿಗೆ ಬೀಳುತ್ತಿರಲಿ.